ಕೆಜಾಯಳ ಪೀಪಾಯಿ ಮತ್ತು ಅಣ್ಣನ ಕಾಗದಗಳು

ಈಸ್ಟ್‌ಬೋರೋದಲ್ಲಿ ಯಾವ ಹೆಂಗಸನ್ನು ಕೇಳಿದರೂ ವಿನೆಗರ್ ಅಂದರೆ ಕೆಜಾಯ ಪ್ರ್ಯಾಟಳ ಮನೆಯದು ಎಂದೇ ಹೇಳುತ್ತಿದ್ದರು. ಅವಳ ನೆಲಮಾಳಿಗೆಯ ಪೀಪಾಯಿ ಅವಳ ತಾಯಿಯ ಕಾಲದಿಂದ ಒಮ್ಮೆಯೂ ಬರಿದಾಗಿರಲಿಲ್ಲ. ಹಳೆಯ ಹೆಪ್ಪಿನ ಮೇಲೆ ವರ್ಷ ವರ್ಷ ಹೊಸ ಸೇಬಿನ ರಸ ಸುರಿಯುತ್ತಾ ಬಂದು ಅದು ಎಷ್ಟು ಹುಳಿಯೇರಿತ್ತೆಂದರೆ ಒಂದು ಹನಿ ನಾಲಿಗೆಗೆ ತಾಗಿದರೆ ಹಲ್ಲೆಲ್ಲ ಜುಮ್ಮೆನ್ನುತ್ತಿತ್ತು. ಅವಳು ಬದುಕಿನಲ್ಲಿ ಹೆಸರು ಮಾಡಿದ್ದು ಇದೊಂದರಲ್ಲಿ. ಆ ಮನೆಯಿಂದ ದೊಡ್ಡ ಹೆಸರು ಮಾಡಿದವನು ಅವಳ ಅಣ್ಣ, ಸೆನೆಟರ್ ಗಿಡಿಯನ್ ಹಾರ್ವುಡ್.

ಗಿಡಿಯನ್‌ನ ಬಗ್ಗೆ ನಮ್ಮೂರಿನವರು ಹೆಮ್ಮೆಪಡುತ್ತಿದ್ದರು, ಹೆಮ್ಮೆಪಡುವುದಕ್ಕೆ ನಮಗೆ ಬೇರೆ ಯಾರೂ ಇರಲಿಲ್ಲ. ಇಂಗ್ಲೆಂಡಿನ ರಾಜನನ್ನು ಓಡಿಸಿ ಹೊಸ ದೇಶ ಕಟ್ಟುವ ಕೆಲಸ ನಡೆದಿತ್ತಲ್ಲ, ಅದರಲ್ಲಿ ಮುಕ್ಕಾಲು ಪಾಲು ತನ್ನದೇ ಎಂದು ಅವನು ನಂಬಿದ್ದ. ನಂಬಿದ್ದನ್ನು ಮುಚ್ಚಿಟ್ಟವನೂ ಅಲ್ಲ. ಅವನು ಫಿಲಡೆಲ್ಫಿಯಾದಲ್ಲಿ ಕೂತು ದೇಶ ಕಟ್ಟುತ್ತಿದ್ದರೆ ಇಲ್ಲಿ ಅವನ ಹೊಲ ಉಳುವುದು, ಹಸು ಕರೆಯುವುದು, ಲಕ್ವ ಹೊಡೆದು ಮಲಗಿದ್ದ ಅಪ್ಪನನ್ನು ಮಗ್ಗುಲು ಬದಲಾಯಿಸುವುದು, ಇದನ್ನೆಲ್ಲ ಮಾಡುತ್ತಿದ್ದವಳು ಕೆಜಾಯ. ಗಂಡ ಏಮೊಸ್ ಯುದ್ಧದ ಬಿಡಾರದಲ್ಲಿ ಭೇದಿಯಾಗಿ ತೀರಿಕೊಂಡ ಮೇಲೆ ಅವಳು ಕಂಕುಳಲ್ಲಿ ಮಗ ಸೈಲಸ್‌ನನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ತವರೆಂದರೆ ಅಣ್ಣನ ಹೆಸರಿನ ಮನೆ. ಅಲ್ಲಿ ಅವಳು ಯಜಮಾನಿಯೋ ಕೆಲಸದವಳೋ ಎಂದು ಯಾರೂ ಕೇಳಲಿಲ್ಲ, ಅವಳಿಗೆ ಕೇಳಿಕೊಳ್ಳುವಷ್ಟು ಪುರಸತ್ತಿರಲಿಲ್ಲ.

ಅಣ್ಣನಿಂದ ಕಾಗದ ತಪ್ಪದೆ ಬರುತ್ತಿತ್ತು. ಸೆನೆಟಿನವರ ಕಾಗದಕ್ಕೆ ಟಪಾಲು ಖರ್ಚಿಲ್ಲ, ಹೊರಗಡೆ ಅವರ ಸಹಿಯೊಂದಿದ್ದರೆ ಸಾಕು. ಹಾಗಾಗಿ ಅವನು ಕೈ ಬಿಗಿ ಹಿಡಿಯದೆ ಬರೆಯುತ್ತಿದ್ದ. ಕಾಗದ ಬಂದ ಸಂಜೆ ಅಕ್ಕಪಕ್ಕದವರು ಅವಳ ಅಡಿಗೆಮನೆಯಲ್ಲಿ ಬಂದು ಕೂರುತ್ತಿದ್ದರು. ಅವಳು ಒಲೆಯ ಪಕ್ಕ ನಿಂತು ಓದುತ್ತಿದ್ದಳು. ಫ್ರಾನ್ಸಿನವರ ಹಡಗುಗಳು, ಹೊಸ ತೆರಿಗೆ, ಗಣರಾಜ್ಯದಲ್ಲಿ ಸದ್ಗುಣದ ಸ್ಥಾನ. ಎಷ್ಟು ಗಟ್ಟಿಯಾಗಿ ಓದಿದರೂ ನಾಚಿಕೊಳ್ಳಬೇಕಾದ ಒಂದು ಮಾತೂ ಅದರಲ್ಲಿ ಇರುತ್ತಿರಲಿಲ್ಲ. ತಂಗಿಗೆ ಬರೆದ ಕಾಗದ ಎನ್ನುವುದಕ್ಕೆ ಮೇಲೆ ಅವಳ ಹೆಸರು ಇತ್ತು, ಅಷ್ಟೆ. ಕೊನೆಯಲ್ಲಿ ಪ್ರತಿ ಸಲವೂ ಒಂದು ಸಾಲು: ಈ ಕಾಗದಗಳನ್ನು ಜೋಪಾನವಾಗಿಡು, ಮುಂದಿನವರಿಗೆ ಬೇಕಾಗುತ್ತದೆ. ಅವಳು ವರ್ಷಕ್ಕೊಂದು ಕಟ್ಟು ಮಾಡಿ, ಇಲಿ ಮುಟ್ಟದ ಹಾಗೆ ಮಾಡಿನ ತೊಲೆಗೆ ತೂಗುಹಾಕುತ್ತಿದ್ದಳು.

ಅವಳೂ ಬರೆಯುತ್ತಿದ್ದಳು. ಕೆಂಪು ಹಸು ಗಬ್ಬವಾಗಿದೆ, ಅಪ್ಪ ನಿನ್ನ ಹೆಸರು ಹಿಡಿದು ಕೇಳಿದರು, ಸೈಲಸ್‌ಗೆ ಬೂಟು ಚಿಕ್ಕದಾಗಿದೆ. ಒಮ್ಮೆ ಅವನು ಅವಳ ಕಾಗದವನ್ನೇ ತಿದ್ದಿ ವಾಪಸು ಕಳಿಸಿದ್ದ, ಪಕ್ಕದಲ್ಲಿ ಶಾಲೆಯ ಮೇಷ್ಟರ ಹಾಗೆ ಗೀಟು ಹಾಕಿ. ಅಪ್ಪ ಹೋದರು ಎಂದು ಅವಳು ಬರೆದಿದ್ದ ಕಾಗದ ಅದು. ಕೆಜಾಯ ಅದನ್ನು ಒಲೆಗೆ ಹಾಕಿ, ಮರುದಿನ ಹೆಬ್ಬಾತುಗಳ ಎಡರೆಕ್ಕೆಯ ಗರಿ ಕಿತ್ತು ಚೊಕ್ಕ ಮಾಡಿ ಎಂದಿನಂತೆ ಅವನಿಗೆ ಲೇಖನಿಗೆಂದು ಕಳಿಸಿದಳು. ಸೆನೆಟರ್ ಸಾಹೇಬರು ದೇಶಕ್ಕೆ ಬರೆದುಕೊಟ್ಟಿದ್ದೆಲ್ಲ ನಮ್ಮ ಕೆಜಾಯಳ ಹೆಬ್ಬಾತಿನ ಗರಿಯಿಂದಲೇ. ಇದನ್ನು ಅವನು ಎಲ್ಲಿಯೂ ಬರೆದಿಲ್ಲ.

ಸೈಲಸ್‌ಗೆ ಹತ್ತೊಂಬತ್ತು ತುಂಬಿದಾಗ ಗಿಡಿಯನ್ ಅವನನ್ನು ಗುಮಾಸ್ತನ ಕೆಲಸಕ್ಕೆ ಕರೆಸಿಕೊಂಡ. ಸೈಲಸ್‌ನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಅಮ್ಮ ತಾನೇ ಒಲೆಯ ಇದ್ದಿಲಲ್ಲಿ ತಿದ್ದಿಸಿದ ಅಕ್ಷರ. ಬೇಸಾಯಕ್ಕೆ ಒಬ್ಬನೇ ಗಂಡಾಳು, ಅವನನ್ನೂ ಕಳಿಸಬೇಕೇ ಎಂದು ಊರವರು ಹುಬ್ಬೇರಿಸಿದರು. ಸೋದರಮಾವನ ನೆರಳಲ್ಲಿ ಮಗ ಮುಂದೆ ಬರುತ್ತಾನೆ, ಒಂದು ದಿನ ವಕೀಲನಾಗುತ್ತಾನೆ ಎಂದು ಕೆಜಾಯ ಕಳಿಸಿದಳು. ಹೊರಡುವಾಗ ಅವನಿಗೆ ಹೇಳಿದ್ದು ಒಂದೇ ಮಾತು: "ಮಾವ ಹೇಳಿದ್ದಕ್ಕೆ ಎದುರಾಡಬೇಡ ಕಣೋ."

ಆಮೇಲೆ ಬಂದ ಕಾಗದಗಳು ಸೈಲಸ್‌ನ ಕೈಬರಹದಲ್ಲಿರುತ್ತಿದ್ದವು. ಮಾತು ಅಣ್ಣನದು, ಅಕ್ಷರ ಮಗನದು. ಅವಳು ತೆರಿಗೆಯ ವಿಷಯವನ್ನೂ ಎರಡೆರಡು ಸಲ ಓದತೊಡಗಿದಳು. ಒಂದು ದಿನ ಮಡಿಕೆಯ ಒಳಗಡೆ, ಅರಗಿನ ಮುದ್ರೆ ಮುಚ್ಚುವ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣಕ್ಷರದಲ್ಲಿ ಒಂದು ಸಾಲು ಕಂಡಿತು. ಅಮ್ಮ, ಮಂಡಿನೋವು ಹೇಗಿದೆ? ಅಲ್ಲಿಂದ ಮುಂದೆ ಪ್ರತಿ ಕಾಗದದ ಆ ಮೂಲೆಯಲ್ಲೂ ಒಂದು ಸಾಲು. ಇಲ್ಲಿ ಬ್ರೆಡ್ಡು ಹತ್ತಿಯ ಹಾಗಿದೆ, ನಿನ್ನ ಜೋಳದ ರೊಟ್ಟಿ ನೆನಪಾಗುತ್ತದೆ. ಮಾವ ಇವತ್ತು ಒಂದೇ ಭಾಷಣವನ್ನು ನನ್ನಿಂದ ಮೂರು ಸಲ ಬರೆಸಿದರು, ಮೂರೂ ಸಲ ಕಡೆಗೆ ಅವರೇ ಕಣ್ಣೊರೆಸಿಕೊಂಡರು. ಆ ಸಾಲುಗಳನ್ನು ಅವಳು ಅಡಿಗೆಮನೆಯಲ್ಲಿ ಓದುತ್ತಿರಲಿಲ್ಲ. ಜನ ಎದ್ದುಹೋದ ಮೇಲೆ ಒಬ್ಬಳೇ ಓದಿಕೊಂಡು ನಗುತ್ತಿದ್ದಳು. ಅವಳು ನಕ್ಕ ವರ್ಷಗಳೆಂದರೆ ಅವೆರಡೇ.

ಸಾವಿರದ ಏಳುನೂರ ತೊಂಬತ್ತಮೂರರ ಬೇಸಿಗೆಯ ಕೊನೆಗೆ ಫಿಲಡೆಲ್ಫಿಯಾದಲ್ಲಿ ಹಳದಿ ಜ್ವರ ಎದ್ದಿತು. ಅಧಿವೇಶನ ಮುಗಿದಿದ್ದರೂ ಗಿಡಿಯನ್ ಯಾವುದೋ ಸಮಿತಿಯ ಕೆಲಸವೆಂದು ಅಲ್ಲೇ ಉಳಿದಿದ್ದ, ಅವನೊಟ್ಟಿಗೆ ಹೆಂಡತಿಯೂ ಸೈಲಸನೂ. ಗಾಡಿಗಟ್ಟಲೆ ಹೆಣ ಸಾಗಿಸುತ್ತಿದ್ದಾರಂತೆ, ಗಂಡ ಹೆಂಡತಿಯನ್ನು ಬಿಟ್ಟು ಓಡುತ್ತಿದ್ದಾನಂತೆ ಎಂಬ ಸುದ್ದಿ ಟಪಾಲಿನವನ ಬಾಯಲ್ಲಿ ಬಂತು. ನಮ್ಮೂರ ಹಿರಿಯರು ಸಭೆ ಸೇರಿ ಗೊತ್ತುಮಾಡಿದರು: ಆ ಕಡೆಯಿಂದ ಬಂದ ಮನುಷ್ಯ ಊರೊಳಗೆ ಬರಕೂಡದು, ಆ ಕಡೆಯಿಂದ ಬಂದ ಕಾಗದವನ್ನು ಸೇತುವೆಯ ಹತ್ತಿರವೇ ವಿನೆಗರ್‌ನಲ್ಲಿ ಅದ್ದಿ ಕೊಡತಕ್ಕದ್ದು. ಅದ್ದುವ ಕೆಲಸ ಪ್ರಾರ್ಥನಾ ಮಂದಿರದ ಹಿರಿಯ ಡೀಕನ್ ಲೂಮಿಸ್‌ನದು. ವಿನೆಗರ್ ಯಾರದು ಎಂದು ಕೇಳಬೇಕಾಗಿಯೇ ಇರಲಿಲ್ಲ. ಕೆಜಾಯಳೇ ಒಂದು ಬಾನಿ ತುಂಬಿ ಹೊತ್ತು ತಂದು ಸೇತುವೆಯ ಬುಡದಲ್ಲಿ ಇಟ್ಟಳು.

ದಿನಾ ಮಧ್ಯಾಹ್ನ ಹೋಗಿ ಅಲ್ಲಿ ನಿಲ್ಲುತ್ತಿದ್ದಳು. ಸೆಪ್ಟೆಂಬರಿನ ಒಂದು ದಿನ ಟಪಾಲಿನವನು ಒಂದೇ ಒಂದು ಕಾಗದ ಹುಲ್ಲಿನ ಮೇಲೆ ಎಸೆದು ಕುದುರೆ ತಿರುಗಿಸಿದ. ಹೊರಗಿನ ಅಕ್ಷರ ನೋಡಿಯೇ ಅವಳಿಗೆ ಗೊತ್ತಾಯಿತು. ಮೇಲೆ ಅಣ್ಣನ ಸಹಿ ಇರಲಿಲ್ಲ. ಸೈಲಸ್ ತನ್ನದೇ ಕಾಗದ ಬರೆದಿದ್ದ, ಮೂಲೆಯ ಸಾಲಲ್ಲ, ಇಡೀ ಹಾಳೆ. ಡೀಕನ್ ಅದನ್ನು ಇಕ್ಕಳದಲ್ಲಿ ಹಿಡಿದೆತ್ತಿದ.

"ನಿಂದೇ ವಿನೆಗರ್ ಕಣವ್ವ, ಘಾಟು ಹೆಂಗಿದೆ ಅಂದ್ರೆ ಜ್ವರದ ಅಪ್ಪನೂ ಸಾಯ್ತಾನೆ," ಎಂದು ಹೇಳಿ ಕಾಗದ ಬಿಡಿಸಿ ಬಾನಿಯೊಳಗೆ ಬಿಟ್ಟ.

ಅದ್ದಿ ತಕ್ಷಣ ಎತ್ತಬೇಕು ಎಂಬುದು ಕಟ್ಟಳೆ. ಆದರೆ ಅಷ್ಟರಲ್ಲಿ ಪಕ್ಕದೂರಿನ ಇಬ್ಬರು ಕುರಿ ಹೊಡೆದುಕೊಂಡು ಸೇತುವೆ ದಾಟಲು ಬಂದರು. ಎಲ್ಲಿಂದ ಬಂದಿರಿ, ಯಾವ ದಾರಿಯಲ್ಲಿ ಬಂದಿರಿ ಎಂದು ಡೀಕನ್ ತಗಾದೆ ತೆಗೆದ. ಅಧಿಕಾರ ಸಿಕ್ಕಿ ವಾರವೂ ಆಗಿರಲಿಲ್ಲ, ಅದನ್ನು ಚಲಾಯಿಸುವ ಸುಖ ಬಿಡುತ್ತಾನೆಯೇ. ಮಾತಿಗೆ ಮಾತು ಬೆಳೆಯಿತು. ಕೆಜಾಯ ಎರಡು ಸಲ ಕೂಗಿದಳು. ತಾನೇ ಕೈ ಹಾಕಲು ಹೋದಾಗ ಅವನು ಇಕ್ಕಳ ಅಡ್ಡ ಹಿಡಿದ, ಊರಿನ ಕಟ್ಟಳೆ ಮುರಿಯಬೇಡ ಎಂದ. ಕುರಿಗಳನ್ನು ಹಿಂದಕ್ಕಟ್ಟಿ ಅವನು ತಿರುಗುವಷ್ಟರಲ್ಲಿ ಬಾನಿಯ ವಿನೆಗರ್ ಮಸಿಬಣ್ಣವಾಗಿತ್ತು.

ಹಾಳೆಯನ್ನು ಬೇಲಿಯ ಮೇಲೆ ಒಣಗಹಾಕಿದರು. ಒಣಗಿದ ಮೇಲೆ ಉಳಿದದ್ದು ಕಂದು ಕಲೆಗಳು. ಮೇಲ್ಗಡೆ 'ಅಮ್ಮ' ಎಂಬುದು ಓದಬಹುದಿತ್ತು. ನಡುವೆ ಎಲ್ಲೋ, ಲೇಖನಿ ಒತ್ತಿ ಬರೆದಿದ್ದನೋ ಏನೋ, 'ನಾಳೆ' ಎಂದು ಒಂದು ಪದ. ಬೇರೇನೂ ಇಲ್ಲ.

"ಅಕ್ಷರ ಹೋದ್ರೆ ಹೋಯ್ತು ಬಿಡು, ಊರು ಉಳೀತಲ್ಲ," ಎಂದ ಡೀಕನ್ ಲೂಮಿಸ್. ಹಾಗೆಂದವನು ಎಂಬತ್ತು ವರ್ಷ ಬದುಕಿ ಹಾಸಿಗೆಯಲ್ಲೇ ಸತ್ತ.

ಅದರ ಮುಂದಿನ ಕಾಗದ ಬಂದದ್ದು ಇಬ್ಬನಿ ಹೆಪ್ಪುಗಟ್ಟುವ ಕಾಲಕ್ಕೆ. ಜ್ವರ ಇಳಿದಿತ್ತು, ಕಟ್ಟಳೆ ತೆಗೆದಿದ್ದರು, ಇದನ್ನು ಯಾರೂ ಅದ್ದಲಿಲ್ಲ. ಅಕ್ಷರ ಅಕ್ಷರವೂ ಸ್ಪಷ್ಟವಾಗಿತ್ತು. ಗಿಡಿಯನ್ ಬರೆದಿದ್ದ: ನಿನ್ನ ಮಗ ಕರ್ತವ್ಯದ ನೆಲೆಯಿಂದ ಕದಲದೆ ಪ್ರಾಣ ಅರ್ಪಿಸಿದ, ಇಂಥವನನ್ನು ಹೆತ್ತವಳು ಅಳಬಾರದು, ದೇವರಿಗೆ ವಂದಿಸಬೇಕು, ಈ ಗಣರಾಜ್ಯ ಇಂಥ ಯುವಕರ ಮೇಲೆ ನಿಂತಿದೆ. ಇನ್ನೂ ಎರಡು ಪುಟ ಹೀಗೇ ಇತ್ತು. ಆ ಕಾಗದ ಹಾರ್ಟ್‌ಫರ್ಡಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಕೆಜಾಯಳ ಕೈ ಸೇರುವ ಮೊದಲೇ ನಮ್ಮೂರ ಹೆಂಡದಂಗಡಿಯಲ್ಲಿ ನಾಲ್ಕು ಜನ ಅದನ್ನು ಓದಿದ್ದರು. ಅವಳ ಮಗ ಸತ್ತ ಸುದ್ದಿ ಅವಳಿಗಿಂತ ಮೊದಲು ಹೆಂಡದಂಗಡಿಗೆ ಗೊತ್ತಾಯಿತು. ಸೈಲಸ್ ರೋಗಿಗಳ ಸೇವೆ ಮಾಡುತ್ತಾ ಸತ್ತನೆಂದು ಊರವರು ಅರ್ಥ ಮಾಡಿಕೊಂಡರು. ಪಾದ್ರಿ ಅದರ ಮೇಲೆ ಎರಡು ಗಂಟೆ ಪ್ರಸಂಗ ಮಾಡಿದರು.

ನಮ್ಮಲ್ಲಿ ಸತ್ತವರ ಕೊನೆಯ ಮಾತನ್ನು ಬರೆದಿಡುವುದು ರೂಢಿ. ಪಕ್ಕದಲ್ಲಿ ಯಾರಿದ್ದರು, ಏನಂದ, ಹೆದರಿದನೋ ಶಾಂತನಾಗಿದ್ದನೋ, ದೇವರ ಹೆಸರು ಹೇಳಿದನೋ. ಅದನ್ನು ಕೇಳಿ ತಿಳಿದರೆ ಮಾತ್ರ ಹೆತ್ತವರಿಗೆ ಮಗುವಿನ ಆತ್ಮ ಎಲ್ಲಿಗೆ ಹೋಯಿತು ಎಂದು ಒಂದು ಭರವಸೆ. ಇಲ್ಲದಿದ್ದರೆ ಬದುಕಿರುವವರೆಗೆ ಆ ಸಂಶಯ ಎದೆಯಲ್ಲಿ ಕೊರೆಯುತ್ತಿರುತ್ತದೆ. ಕೆಜಾಯ ಅಣ್ಣನಿಗೆ ಬರೆದಳು: ಅವನ ಹತ್ತಿರ ಯಾರಿದ್ದರು? ನೀರು ಕೊಟ್ಟವರಾರು? ಕೊನೆಗೆ ಏನಂದ? ಎಲ್ಲಿ ಹೂಳಿದಿರಿ? ಉತ್ತರ ಬಂತು, ಇಂಗ್ಲೆಂಡಿನೊಡನೆ ಒಪ್ಪಂದ ಬೇಕೋ ಬೇಡವೋ ಎಂಬುದರ ಮೇಲೆ. ಮತ್ತೆ ಬರೆದಳು. ಈ ಸಲ ಬ್ಯಾಂಕಿನ ವಿಷಯ ಬಂತು. ವರ್ಷಗಟ್ಟಲೆ ಅವಳು ಪ್ರತಿ ಕಾಗದದ ಕೊನೆಗೆ ಅದೇ ನಾಲ್ಕು ಪ್ರಶ್ನೆ ಕೇಳುತ್ತಾ ಹೋದಳು. ಅವನು ಪ್ರತಿ ಕಾಗದದ ಕೊನೆಗೆ, ಇವನ್ನು ಜೋಪಾನವಾಗಿಡು ಎಂದು ಬರೆಯುತ್ತಾ ಹೋದ. ಇಬ್ಬರೂ ಪಟ್ಟು ಬಿಡಲಿಲ್ಲ.

ಆ ತೊಳೆದುಹೋದ ಹಾಳೆಯನ್ನು ಅವಳು ಬೈಬಲಿನೊಳಗೆ ಇಟ್ಟಿದ್ದಳು. 'ನಾಳೆ' ಎಂದರೆ ಏನು? ನಾಳೆ ಊರಿಗೆ ಹೊರಡುತ್ತೇನೆ ಎಂದೋ? ನಾಳೆ ರೋಗಿಗಳನ್ನು ನೋಡಲು ಹೋಗುತ್ತೇನೆ ಎಂದೋ? ಇಲ್ಲ, ನಾಳೆ ಮತ್ತೆ ಬರೆಯುತ್ತೇನೆ ಎಂದಷ್ಟೇ ಇದ್ದರೂ ಇರಬಹುದು. ಹಸು ಕರೆಯುವಾಗ ಒಂದು ಅರ್ಥ ಹೊಳೆಯುತ್ತಿತ್ತು, ಬೆಣ್ಣೆ ಕಡೆಯುವಾಗ ಇನ್ನೊಂದು. ವಿನೆಗರ್ ತನ್ನದೇ ಅಲ್ಲವೇ, ಇಷ್ಟು ಹುಳಿ ಮಾಡದಿದ್ದರೆ ಒಂದು ಸಾಲಾದರೂ ಉಳಿಯುತ್ತಿತ್ತೇನೋ ಎಂದು ನೆರೆಮನೆಯ ಹೆಂಗಸಿನ ಹತ್ತಿರ ಒಮ್ಮೆ ಹೇಳಿಕೊಂಡು ಅತ್ತಿದ್ದಳಂತೆ. ಪೀಪಾಯಿಗೆ ಮಾತ್ರ ಪ್ರತಿ ವರ್ಷ ಹೊಸ ರಸ ಸುರಿಯುವುದು ನಿಲ್ಲಿಸಲಿಲ್ಲ.

ಸಾವಿರದ ಎಂಟುನೂರ ಹದಿನೈದನೆಯ ಇಸವಿಯ ಅಕ್ಟೋಬರಿನಲ್ಲಿ ಗಿಡಿಯನ್ ಹಾರ್ವುಡ್ ಊರಿಗೆ ಬಂದ. ಅಷ್ಟರಲ್ಲಿ ಅವನ ಪಕ್ಷ ಸೋತು, ಅವನನ್ನು ಕೇಳುವವರು ಕಡಿಮೆಯಾಗಿ, ಹಾರ್ಟ್‌ಫರ್ಡಿನಲ್ಲಿ ಮನೆ ಮಾಡಿದ್ದ. ಹೆಂಡತಿ ತೀರಿಕೊಂಡಿದ್ದಳು. ಗಾಡಿಯ ಹಿಂದೆ ಹಿತ್ತಾಳೆ ಮೊಳೆ ಹೊಡೆದ ಕರುಚರ್ಮದ ಪೆಟ್ಟಿಗೆಯೊಂದನ್ನು ಕಟ್ಟಿಕೊಂಡು ಬಂದಿದ್ದ. ಅದನ್ನು ಇಳಿಸುವಾಗ ಗಾಡಿಯವನಿಗೆ ಹತ್ತು ಸಲ ಹುಷಾರು ಹೇಳಿದ, ತಂಗಿಯ ಮುಖ ನೋಡಿದ್ದು ಅದಾದ ಮೇಲೆ. ಅವಳಿಗೆ ಆಗ ಅರವತ್ತೆರಡು, ಬೆನ್ನು ಬಾಗಿತ್ತು. ಅವನು ಗೂಟದ ಹಾಗೆ ನೆಟ್ಟಗಿದ್ದ.

ಬಂದ ಕಾರಣವನ್ನು ಅವನು ಊಟಕ್ಕೆ ಕೂರುವ ಮೊದಲೇ ಹೇಳಿದ. ಒಬ್ಬ ಮುದ್ರಕ ಸಿಕ್ಕಿದ್ದಾನೆ, ತನ್ನ ಕಾಗದಗಳನ್ನೆಲ್ಲ ಸೇರಿಸಿ ಮೂರು ಸಂಪುಟ ತರುತ್ತಾನೆ. ಬೇರೆಯವರಿಗೆ ಬರೆದಿದ್ದಕ್ಕೆ ಪ್ರತಿ ಇದೆ, ತಂಗಿಗೆ ಬರೆದಿದ್ದಕ್ಕೆ ಇಲ್ಲ. ಮನೆಯವರಿಗೆ ಬರೆದ ಕಾಗದಗಳಲ್ಲಿ ಮನುಷ್ಯನ ಹೃದಯ ಕಾಣುತ್ತದೆ ಎಂದು ಮುದ್ರಕ ಹೇಳಿದ್ದಾನಂತೆ.

"ಕೊಡ್ತೀನಿ ಅಣ್ಣ," ಎಂದಳು ಕೆಜಾಯ. "ಎಲ್ಲಾ ಕಟ್ಟಿಟ್ಟಿದೀನಿ. ಮೊದ್ಲು ನನಗೆ ಸೈಲಸ್ ವಿಷಯ ಹೇಳು. ಅವನು ಹೆಂಗೆ ಹೋದ ಅಂತ."

"ಹೇಳ್ತೀನಿ, ಹೇಳ್ತೀನಿ. ಎಷ್ಟು ವರ್ಷದ ಮಾತು, ಪೆಟ್ಟಿಗೆ ತೆಗೆದು ನೋಡ್ಬೇಕು," ಎಂದ ಅವನು.

ಎರಡು ದಿನ ಪೆಟ್ಟಿಗೆ ತೆಗೆದು ತನ್ನ ಭಾಷಣಗಳನ್ನು ನೋಡಿದ. ಅವಳು ಹೋಗುತ್ತಾ ಬರುತ್ತಾ ಅವನ ಮುಖ ನೋಡುತ್ತಿದ್ದಳು. ಕೇಳಿದಾಗೆಲ್ಲ ಕೈಯೆತ್ತಿ ತಾಳು ಎನ್ನುತ್ತಿದ್ದ.

ಶನಿವಾರ ಮಧ್ಯಾಹ್ನದ ಊಟಕ್ಕೆ ಹೊಸ ಪಾದ್ರಿ ಬಾರ್ಸ್ಟೋ ಬಂದಿದ್ದರು. ಊರಿಗೆ ಬಂದು ವರ್ಷವಾಗಿತ್ತಷ್ಟೆ, ಹಳೆಯದೇನೂ ಗೊತ್ತಿಲ್ಲದ ಮನುಷ್ಯ. ಉಪ್ಪುಮಾಂಸ, ಟರ್ನಿಪ್ ಗೆಡ್ಡೆ, ಕುಂಬಳಕಾಯಿ ಬೇಯಿಸಿದ್ದಳು. ಇಷ್ಟು ವರ್ಷ, ಇಷ್ಟು ಗಲಭೆಗಳ ನಡುವೆ ಒಂದು ಹಾಳೆಯೂ ಕಳೆಯದ ಹಾಗೆ ಕಾಗದಗಳನ್ನು ಹೇಗೆ ಉಳಿಸಿಕೊಂಡಿರಿ ಎಂದು ಪಾದ್ರಿ ಮರ್ಯಾದೆಗೆ ಕೇಳಿದರು. ಗಿಡಿಯನ್ ಚಮಚ ಕೆಳಗಿಟ್ಟು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ದೊಡ್ಡವರ ಮೇಜುಗಳಲ್ಲಿ ನೂರು ಸಲ ಹೇಳಿ ಪಳಗಿದ ಕಥೆಯೊಂದು ಅವನ ಬಾಯಿಗೆ ತಾನಾಗಿ ಬಂತು.

"ತೊಂಬತ್ಮೂರರ ಜ್ವರದಲ್ಲಿ ಈ ಪೆಟ್ಟಿಗೇನ ಕಳ್ಕೊಂಡೇ ಬಿಟ್ಟಿದ್ದೆ ಪಾದ್ರಿಗಳೇ. ನಾವು ಊರು ಬಿಟ್ಟು ಹತ್ತು ಮೈಲಿ ಆಚೆ ಒಂದು ತೋಟದ ಮನೆಗೆ ಓಡಿದ್ವಿ. ಇಳಿದು ನೋಡ್ತೀನಿ, ಹೆಂಡ್ತಿ ಟೋಪಿ ಡಬ್ಬಿ ಬಂದಿದೆ, ಪಿಂಗಾಣಿ ಬಂದಿದೆ, ಪೆಟ್ಟಿಗೆ ಮಾತ್ರ ಇಲ್ಲ." ಇಲ್ಲಿ ಅವನು ನಗುವುದಕ್ಕೆ ಜಾಗ ಬಿಟ್ಟ, ಪಾದ್ರಿ ನಕ್ಕರು. "ಎರಡು ವಾರ ನಿದ್ದೆ ಇಲ್ಲ ನನಗೆ. ಕೊನೆಗೆ ಗುಮಾಸ್ತನ್ನ ಕರೆದೆ. ನಾಳೆ ಬೆಳಿಗ್ಗೆ ಕುದುರೆ ಹತ್ತು, ಪೆಟ್ಟಿಗೆ ಇಲ್ದೆ ಮುಖ ತೋರಿಸ್ಬೇಡ ಅಂದೆ. ಒಂದು ಎದುರು ಮಾತಾಡ್ಲಿಲ್ಲ ಅವನು. ಹೋದ. ಬೀದಿ ತುಂಬ ಹೆಣ, ಒಂದು ಗಾಡಿ ಸಿಗಲ್ಲ, ಎರಡು ದಿನ ಅಲ್ಲೇ ಇದ್ದು, ಕೊನೆಗೆ ಹೆಣದ ಗಾಡಿಯವನ್ನ ಕಾಡಿ ಬೇಡಿ ಪೆಟ್ಟಿಗೆ ತಂದ ನೋಡಿ. ಮೂರು ದಿನ ಬಿಸಿಲಲ್ಲಿಟ್ಟು, ಗಂಧಕದ ಹೊಗೆ ಹಾಕಿ, ಆಮೇಲೆ ಒಳಗೆ ತಗೊಂಡ್ವಿ. ಒಂದು ಹಾಳೆ ಕೆಟ್ಟಿರಲಿಲ್ಲ."

ಕೆಜಾಯ ಕುಂಬಳಕಾಯಿಯ ತಟ್ಟೆ ಹಿಡಿದು ಅವನ ಬೆನ್ನ ಹಿಂದೆ ನಿಂತಿದ್ದಳು.

"ಪೆಟ್ಟಿಗೇನ ಒಳಗೆ ತಗೊಂಡ್ರಿ," ಎಂದಳು. "ಹುಡುಗನ್ನ ಎಲ್ಲಿಟ್ಟಿದ್ರಿ?"

ಗಿಡಿಯನ್ ತಿರುಗಿ ನೋಡಿದ. ತಾನು ಯಾವ ಮನೆಯಲ್ಲಿ ಕೂತು ಯಾರೆದುರು ಈ ಕಥೆ ಹೇಳಿದೆ ಎಂಬುದು ಅವನಿಗೆ ಹೊಳೆದದ್ದು ಆಗ. ಮೋಸ ಮಾಡಬೇಕೆಂದು ಮುಚ್ಚಿಟ್ಟವನಾದರೆ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ. ಆ ಕಥೆಯಲ್ಲಿ ಗುಮಾಸ್ತನೊಬ್ಬ ಇದ್ದ, ಪೆಟ್ಟಿಗೆ ಇತ್ತು. ತಂಗಿಯ ಮಗ ಎಂಬುವನು ಯಾವತ್ತೋ ಅದರಿಂದ ಜಾರಿ ಬಿದ್ದುಹೋಗಿದ್ದ.

"ಕೆಜಾಯ, ಆಗಿನ ಕಾಲ ಹಾಗಿತ್ತು," ಎಂದ.

"ಎಲ್ಲಿಟ್ಟಿದ್ರಿ ಅಣ್ಣ?"

"ಕೊಟ್ಟಿಗೆಲಿ. ಬರೋವಾಗಲೇ ಮೈ ಸುಡ್ತಿತ್ತು. ನಿಮ್ಮತ್ತಿಗೆ ಒಳಗೆ ಬಿಡಲ್ಲ ಅಂತ ಹಟ ಹಿಡಿದ್ಲು."

"ನೀರು ಯಾರು ಕೊಡ್ತಿದ್ರು?"

"ಬಾಗಿಲ ಹತ್ರ ಇಟ್ಟು ಬರ್ತಿದ್ರು ಆಳುಗಳು."

"ಏನಾದ್ರೂ ಅಂದ್ನಾ?"

ಗಿಡಿಯನ್ ಪಾದ್ರಿಯ ಕಡೆ ನೋಡಿದ. ಪಾದ್ರಿ ತಟ್ಟೆ ನೋಡುತ್ತಿದ್ದರು. "ಕೂಗ್ತಿದ್ದ," ಎಂದ ಕೊನೆಗೆ. "ಮನೆಯಿಂದ ದೂರ. ಏನು ಅಂತ ಕೇಳಿಸ್ತಿರಲಿಲ್ಲ."

ಕೆಜಾಯ ಕುಂಬಳಕಾಯಿಯನ್ನು ಮೇಜಿನ ಮೇಲಿಟ್ಟು, ಪಾದ್ರಿಗಳಿಗೆ ಬಡಿಸಿ, ಅಣ್ಣನಿಗೂ ಬಡಿಸಿದಳು. ಆಮೇಲೆ ಹೋಗಿ ಬೈಬಲು ತೆಗೆದು ಆ ಹಾಳೆ ನೋಡಿದಳು. ಇಪ್ಪತ್ತೆರಡು ವರ್ಷ 'ನಾಳೆ' ಎಂಬ ಆ ಪದವನ್ನು ಹಿಡಿದು ಜೀವ ತೇದಿದ್ದಳು. ಈಗ ಅದರ ಹಿಂದೆ ಮುಂದೆ ಏನಿತ್ತು ಎಂದು ಗೊತ್ತಾಯಿತು. ಮಾವ ಹೇಳಿದ್ದಕ್ಕೆ ಎದುರಾಡಬೇಡ ಎಂದು ತಾನು ಹೇಳಿದ್ದೂ ನೆನಪಾಯಿತು. ಅವಳಿಗೆ ಅಳು ಬರಲಿಲ್ಲ. ಹಾಳೆಯನ್ನು ಮತ್ತೆ ಬೈಬಲಿನೊಳಗೆ ಇಟ್ಟಳು.

ಅಂದು ಸೂರ್ಯ ಮುಳುಗಿದ ಮೇಲೆ ದೇವರ ದಿನವಾದ ಸಬ್ಬತ್ತು ಹಿಡಿಯಿತು. ಭಾನುವಾರ ಊರಿಗೆ ಊರೇ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಪ್ರಸಂಗ ಕೇಳಲು ಪ್ರಾರ್ಥನಾ ಮಂದಿರದಲ್ಲಿರುತ್ತದೆ. ಸೆನೆಟರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಕೆಜಾಯ ಮಂಡಿನೋವೆಂದು ಮನೆಯಲ್ಲುಳಿದಳು. ಸಬ್ಬತ್ತಿನ ದಿನ ಒಲೆ ಹಚ್ಚಿ ಅಡಿಗೆ ಮಾಡುವುದಕ್ಕೂ ನಮ್ಮಲ್ಲಿ ಹೆದರುತ್ತಾರೆ, ಹಿಂದಿನ ದಿನ ಬೇಯಿಸಿಟ್ಟ ಬೀನ್ಸ್ ಕಾಳನ್ನೇ ತಿನ್ನುತ್ತಾರೆ. ಅವಳು ಅರವತ್ತೆರಡು ವರ್ಷ ಆ ಕಟ್ಟಳೆ ಮೀರಿದವಳಲ್ಲ. ಆ ದಿನ ದೊಡ್ಡ ಒಲೆ ಉರಿ ಹಾಕಿದಳು. ನೆಲಮಾಳಿಗೆಯಿಂದ ವಿನೆಗರ್ ತಂದು ತಂದು ಬಟ್ಟೆ ಕುದಿಸುವ ಹಂಡೆ ತುಂಬಿಸಿ ಬೆಚ್ಚಗೆ ಮಾಡಿದಳು. ತೊಲೆಯಿಂದ ಕಟ್ಟುಗಳನ್ನು ಬಿಚ್ಚಿ ತಂದಳು.

ಫ್ರಾನ್ಸಿನ ಹಡಗುಗಳು ಹೋದವು. ತೆರಿಗೆ ಹೋಯಿತು, ಬ್ಯಾಂಕು ಹೋಯಿತು, ಗಣರಾಜ್ಯದಲ್ಲಿ ಸದ್ಗುಣದ ಸ್ಥಾನ ಹೋಯಿತು. ಒಂದೊಂದೇ ಹಾಳೆ ಬಿಟ್ಟು, ಡೀಕನ್ ಲೂಮಿಸ್ ಕುರಿಯವರೊಡನೆ ಜಗಳವಾಡಿದಷ್ಟು ಹೊತ್ತು ಇರಗೊಟ್ಟು, ಮೆಲ್ಲಗೆ ಎತ್ತಿ ಹಗ್ಗದ ಮೇಲೆ ಹರವಿದಳು. ತೊಂಬತ್ತೆರಡರ ಕಟ್ಟು ಬಿಚ್ಚಿದಾಗ ಕೈ ನಿಂತಿತು. ಅದು ಸೈಲಸ್‌ನ ಅಕ್ಷರ. ಮಾತೆಲ್ಲ ಇವನ ಭಾಷಣವೇ, ಆದರೆ ಅಕ್ಷರ ಅವನದು, ಮೂಲೆಯಲ್ಲಿ ಮಂಡಿನೋವು ಕೇಳಿದವನು ಅವನು. ಆ ಎರಡು ವರ್ಷದ ಕಟ್ಟುಗಳನ್ನು ಮಡಿಲಿಗೆ ಹಾಕಿಕೊಂಡು ಹೋಗಿ ತನ್ನ ಹಾಸಿಗೆಯ ಹುಲ್ಲಿನೊಳಗೆ ತುರುಕಿಟ್ಟಳು. ಮಗ ಸತ್ತಾಗ ಬಂದ ಆ ದೊಡ್ಡ ಕಾಗದವನ್ನೂ ಬೇರೆ ಇಟ್ಟಳು. ಉಳಿದದ್ದೆಲ್ಲ ಒಣಗಿದ ಮೇಲೆ ಇಸ್ತ್ರಿ ಮಾಡಿ, ವರ್ಷದ ಪ್ರಕಾರ ಜೋಡಿಸಿ, ಹೊಸ ದಾರ ಕಟ್ಟಿದಳು. ಮಧ್ಯಾಹ್ನದ ಪ್ರಸಂಗ ಮುಗಿಸಿ ಬಂದ ಗಿಡಿಯನ್ ಮನೆಯೆಲ್ಲ ಹುಳಿ ವಾಸನೆ ಎಂದು ಮೂಗು ಮುಚ್ಚಿಕೊಂಡ. ಪೀಪಾಯಿ ತೆಗೆದಿದ್ದೆ ಎಂದಳು.

ಸೋಮವಾರ ಬೆಳಿಗ್ಗೆ ಗಾಡಿ ಕಟ್ಟಿ ನಿಂತಿತ್ತು. ಕೆಜಾಯ ಕಟ್ಟುಗಳನ್ನು ತಂದು ಅಡಿಗೆಮನೆಯ ಮೇಜಿನ ಮೇಲೆ ಸಾಲಾಗಿಟ್ಟಳು. ಕೈಯಲ್ಲಿ ತೂಗಿ ನೋಡಿ ಗಿಡಿಯನ್‌ಗೆ ಸಮಾಧಾನವಾಯಿತು. ಶನಿವಾರದ ಮಾತು ಮುಗಿದುಹೋಯಿತೆಂದು ಅವನು ತಿಳಿದುಕೊಂಡಿದ್ದ. ಒಂದು ಕಟ್ಟು ಬಿಚ್ಚಿದ. ಇನ್ನೊಂದು ಬಿಚ್ಚಿದ. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದ. ಗರಿಗರಿಯಾದ ಕಂದು ಹಾಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಕೊಂಬು, ಸುಳಿ.

"ಏನು ಮಾಡ್ದೆ ಇದನ್ನ?" ಅವನ ದನಿ ಮೊದಲ ಸಲ ಮುದುಕನ ದನಿಯ ಹಾಗೆ ಕೇಳಿಸಿತು.

"ಜ್ವರದೂರಿನ ಕಾಗದ ಅಣ್ಣ. ನೀವು ಹೊಗೆ ಹಾಕ್ತೀರಿ, ನಾವು ವಿನೆಗರ್‌ನಲ್ಲಿ ಅದ್ದುತೀವಿ."

"ಮೂವತ್ತು ವರ್ಷದ ನನ್ನ ಬದುಕು ಕಣೇ ಇದು."

"ನಂದು ಇಪ್ಪತ್ತೆರಡು ವರ್ಷದ್ದು," ಎಂದು ಅವಳು ಬೈಬಲಿನ ಹಾಳೆಯನ್ನು ಅವನ ಮುಂದೆ ಬಿಡಿಸಿಟ್ಟಳು. ಅವನು ಅದನ್ನು ಸರಿಯಾಗಿ ನೋಡಲೂ ಇಲ್ಲ.

ಆಮೇಲೆ ಅವಳು ಏಪ್ರನ್ನಿನ ಜೇಬಿನಿಂದ ಉಳಿಸಿದ್ದ ಒಂದು ಕಾಗದ ತೆಗೆದಳು. ಕರ್ತವ್ಯದ ನೆಲೆ, ಗಣರಾಜ್ಯದ ಯುವಕರು, ಒಂದಕ್ಷರ ಮಾಸಿರಲಿಲ್ಲ. ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಇತ್ತು. ಮಸಿಕುಡಿಕೆಯನ್ನೂ ಹೊಸದಾಗಿ ಹೆರೆದ ಹೆಬ್ಬಾತಿನ ಗರಿಯನ್ನೂ ಅದರ ಪಕ್ಕದಲ್ಲಿಟ್ಟಳು.

"ಇದೊಂದನ್ನ ಮುಟ್ಟಿಲ್ಲ. ಪುಸ್ತಕದಲ್ಲಿ ಹಾಕ್ಸು. ಕೆಳಗೆ ನಿನ್ನ ಕೈಯಾರೆ ಬರಿ. ಪೆಟ್ಟಿಗೆ ತರೋಕೆ ನಾನು ಕಳಿಸ್ದೆ, ಕೊಟ್ಟಿಗೆಲಿ ಒಬ್ಬನೇ ಕೂಗಿ ಕೂಗಿ ಸತ್ತ ಅಂತ. ಅಷ್ಟೇ ಸಾಕು. ಬೇರೆ ಏನೂ ಕೇಳಲ್ಲ."

ಗಿಡಿಯನ್ ಕೂತ. ಗರಿ ಎತ್ತಿ ಮಸಿಯಲ್ಲಿ ಅದ್ದಿದ. ಕಾಗದದ ಮೇಲೆ ಬಾಗಿದ. ಮನುಷ್ಯ ಕಲ್ಲೇನಲ್ಲ, ಅವನ ಕಣ್ಣಲ್ಲಿ ನೀರಿತ್ತು ಎಂದು ಗಾಡಿಯವನು ಆಮೇಲೆ ಹೇಳಿದ. ಆದರೆ ಬರೆದಿದ್ದೆಲ್ಲ ಮುಂದಿನವರು ಓದುತ್ತಾರೆ ಎಂದು ಆಯುಷ್ಯವಿಡೀ ನಂಬಿದವನ ಕೈಯಿಂದ ಅಂಥ ಸಾಲು ಇಳಿಯುವುದು ಸುಲಭವಲ್ಲ. ಗರಿಯ ತುದಿಯ ಮಸಿ ಒಣಗಿತು. ಅವನು ಅದನ್ನು ಮೆಲ್ಲಗೆ ಕೆಳಗಿಟ್ಟ.

"ಹೀಗೆ ಅವಸರದಲ್ಲಿ ಬರೆಯೋ ಮಾತಲ್ಲ ಕೆಜಾಯ. ಯೋಚ್ನೆ ಮಾಡ್ಬೇಕು. ಮನೆಗೆ ಹೋಗಿ ನಾಳೆ ನಾಡಿದ್ರಲ್ಲಿ ಬರೆದು ಕಳಿಸ್ತೀನಿ."

ಕೆಜಾಯ ಅವನ ಮುಖವನ್ನೇ ನೋಡಿದಳು. ಕಾಗದ ತೆಗೆದುಕೊಂಡು ಹಂಡೆಯ ಹತ್ತಿರ ಹೋದಳು. ವಿನೆಗರ್ ಇನ್ನೂ ಚೆಲ್ಲಿರಲಿಲ್ಲ. ಅದರೊಳಗೆ ಕಾಗದ ಬಿಟ್ಟು, ಅವನ ಗಾಡಿ ಬೀದಿ ತಿರುವು ದಾಟಿ ಸದ್ದು ಅಡಗುವವರೆಗೂ ಎತ್ತಲಿಲ್ಲ.

ಅವಳು ಆಮೇಲೆ ಒಂಬತ್ತು ವರ್ಷ ಬದುಕಿದ್ದಳು. ಮನೆ ಅವನದು, ಆದರೂ ಅವಳನ್ನು ಹೊರಗೆ ಹಾಕಲಿಲ್ಲ. ಹಾಕಿದ್ದರೆ ಯಾಕೆಂದು ಊರು ಕೇಳುತ್ತಿತ್ತು. ಮೂರು ಸಂಪುಟಗಳು ಬಂದವು. ತಂಗಿಗೆ ಬರೆದ ಕಾಗದಗಳು ಹಳ್ಳಿಮನೆಯ ತೇವದಲ್ಲಿ ಹಾಳಾದವು ಎಂದು ಮುನ್ನುಡಿಯಲ್ಲಿ ಒಂದು ಸಾಲಿದೆ. ಸೈಲಸ್ ಪ್ರ್ಯಾಟ್ ಎಂಬ ಹೆಸರು ಮೂರರಲ್ಲೂ ಎಲ್ಲಿಯೂ ಇಲ್ಲ. ಟಪಾಲು ಬರುವ ದಿನ ಅವಳು ಮೊದಮೊದಲು ಸೇತುವೆಯವರೆಗೆ ಹೋಗುತ್ತಿದ್ದಳು. ಆಮೇಲೆ ಮಂಡಿ ಏಳಲಿಲ್ಲ. ಹಾರ್ಟ್‌ಫರ್ಡಿನಿಂದ ಏನಾದರೂ ಬಂತೇ ಎಂದು ದಾರಿಯಲ್ಲಿ ಹೋಗುವವರನ್ನು ಕಿಟಕಿಯಿಂದ ಕೇಳುತ್ತಿದ್ದಳು. ಇಲ್ಲ ಕಣವ್ವ, ನಾಳೆ ಬರಬಹುದು ಎಂದು ನಾವೇ ಎಷ್ಟೋ ಸಲ ಹೇಳಿದ್ದೇವೆ.